ಹಳ್ಳ ಉಕ್ಕುವುದು ನಾಯಿಗೆ ಮೊದಲೇ ಗೊತ್ತು: ಮಲೆನಾಡಿನಲ್ಲಿ ಒಂದು ಮಕ್ಕಳ ಸಿನಿಮಾ ಮಾಡುವ ಬಗೆ

ಚಿತ್ರಕಥೆಯಲ್ಲಿದ್ದದ್ದು ಇಷ್ಟೇ: "ಹಳ್ಳ ಉಕ್ಕುವುದು ನಾಯಿಗೆ ಮೊದಲೇ ಗೊತ್ತಾಗುತ್ತದೆ. ಹುಡುಗಿಯನ್ನು ಸಂಕ ದಾಟಲು ಅದು ಬಿಡುವುದಿಲ್ಲ." ಸಂಕ ಎಂದರೆ ಹಳ್ಳದ ಮೇಲಿನ ಮರದ ಕಾಲುಸೇತುವೆ. ಇಡೀ ಸಿನಿಮಾ ನಿಂತಿರುವುದು ಈ ಒಂದು ಜಾಗದ ಮೇಲೆ. ಆದರೆ ನಾಯಿಗೆ "ಗೊತ್ತಾಗುವುದನ್ನು" ಅಭಿನಯಿಸಲು ಬರುವುದಿಲ್ಲ. ಅದಕ್ಕೆ ಬರುವುದು ನಿಲ್ಲುವುದು, ತಲೆ ಎತ್ತುವುದು, ಕಿವಿ ನಿಮಿರಿಸುವುದು, ಹೇಳಿದ ಜಾಗಕ್ಕೆ ಹೋಗಿ ಕೂರುವುದು, ಬಟ್ಟೆ ಕಚ್ಚಿ ಎಳೆಯುವುದು, ಬೊಗಳುವುದು. ಹಾಗಾಗಿ ಮೊದಲ ಕೆಲಸ ಚಿತ್ರಕಥೆಯಿಂದ ನಾಯಿಯ ಭಾವನೆಗಳನ್ನೆಲ್ಲ ತೆಗೆದು, ಆ ಜಾಗದಲ್ಲಿ ನಾಯಿಯ ಕ್ರಿಯೆಗಳನ್ನು ಬರೆಯುವುದು. ಪ್ರತಿ ಶಾಟ್‌ಗೂ ನಾಯಿ ಎಲ್ಲಿಂದ ಹೊರಡುತ್ತದೆ, ಎಲ್ಲಿ ನಿಲ್ಲುತ್ತದೆ, ಆ ಹೊತ್ತಿಗೆ ಟ್ರೈನರ್ ಎಲ್ಲಿರುತ್ತಾರೆ, ಮಾಡಿದ್ದಕ್ಕೆ ಏನು ಸಿಗುತ್ತದೆ ಎಂಬ ನಾಲ್ಕು ವಿವರ ಬೇಕು. ಈ ನಾಲ್ಕರಲ್ಲಿ ಒಂದು ಖಾಲಿ ಇದ್ದರೂ ಆ ಶಾಟ್ ಸೆಟ್ಟಿನಲ್ಲಿ ನಿಂತುಹೋಗುತ್ತದೆ.

ನಾಯಿಯ ಆಯ್ಕೆ. ಲ್ಯಾಬ್ರಡಾರ್‌ಗೆ ತಿನ್ನುವ ಆಸೆ ಜಾಸ್ತಿ, ಬೇಗ ಕಲಿಯುತ್ತದೆ. ಆದರೆ ಜೋತುಬಿದ್ದ ಕಿವಿಯೊಳಗೆ ಮಳೆಗಾಲದ ತೇವ ನಿಂತು ಸೋಂಕಾಗುತ್ತದೆ. ಕಿವಿ ನೋಯುವ ನಾಯಿ ತಲೆ ಒದರುತ್ತಲೇ ಇರುತ್ತದೆ, ಕ್ಲೋಸಪ್ ಸಿಗುವುದಿಲ್ಲ. ಮುಧೋಳ ನೋಡಲು ಚೆಂದ, ಓಟವೂ ಚೆಂದ. ಆದರೆ ಅದು ಕಣ್ಣಿನಿಂದ ಬೇಟೆಯಾಡುವ ತಳಿ, ದೂರದಲ್ಲಿ ಏನಾದರೂ ಓಡಿದರೆ ಅದರ ಹಿಂದೆ ಹೋಗುತ್ತದೆ. ಮೈಮೇಲೆ ತೆಳು ಕೂದಲು, ಕೊಬ್ಬು ಕಡಿಮೆ, ಜಡಿಮಳೆಯಲ್ಲಿ ನಡುಗುತ್ತದೆ. ತೀರ್ಥಹಳ್ಳಿ, ಹೊಸನಗರ ಕಡೆಯ ಅಡಿಕೆ ತೋಟದ ಮನೆಯಲ್ಲಿ ನಡೆಯುವ ಕಥೆಗೆ ಊರಿನ ನಾಟಿ ನಾಯಿಯೇ ಸರಿ. ನಿಮಿರಿದ ಕಿವಿ ಇರುವುದು ಇನ್ನೂ ಒಳ್ಳೆಯದು, ಏಕೆಂದರೆ ದೂರದ ಶಾಟ್‌ನಲ್ಲೂ "ಇದು ಏನನ್ನೋ ಕೇಳಿಸಿಕೊಂಡಿತು" ಎಂದು ಪ್ರೇಕ್ಷಕರಿಗೆ ತಿಳಿಯುವುದು ಆ ಕಿವಿಯಿಂದಲೇ.

ಬಣ್ಣವನ್ನು ಛಾಯಾಗ್ರಾಹಕರನ್ನು ಕೇಳಿಯೇ ತೀರ್ಮಾನಿಸಬೇಕು. ಮೋಡದ ಬೆಳಕಿನಲ್ಲಿ ಕರಿ ನಾಯಿಯ ಮುಖದ ವಿವರ ಅಳಿಸಿಹೋಗುತ್ತದೆ, ಮುಂದಿನಿಂದ ಬೆಳಕು ಕೊಡದಿದ್ದರೆ ಕಣ್ಣು ಕೂಡ ಕಾಣುವುದಿಲ್ಲ. ಬಿಳಿ ನಾಯಿಗೆ ತೋಟದ ಹಸಿರು ಮೈಗೆ ಹೊಡೆಯುತ್ತದೆ, ಕೆಸರಾದರಂತೂ ಹಿಂದಿನ ಶಾಟ್‌ಗೆ ಹೊಂದಿಸಲು ಅರ್ಧ ದಿನ ಬೇಕು. ಕಂದು ಬಣ್ಣ ಹಸಿರಿನ ಮುಂದೆ ಎದ್ದು ಕಾಣುತ್ತದೆ. ಒಂದೇ ಸೂಲಿನ ಮೂರು ನಾಯಿ ಸಿಕ್ಕರೆ ಅರ್ಧ ಗೆದ್ದಂತೆ. ಒಂದು ಓಟಕ್ಕೆ, ಒಂದು ಸುಮ್ಮನೆ ಕೂತು ನೋಡುವುದಕ್ಕೆ, ಒಂದು ಮಗುವಿನ ಪಕ್ಕ ಮಲಗಿ ಮುದ್ದಿಸಿಕೊಳ್ಳುವುದಕ್ಕೆ. ಎದೆಯ ಮೇಲೋ ಪಾದದಲ್ಲೋ ಬಿಳಿ ಮಚ್ಚೆ ಇರುವ ನಾಯಿ ಬೇಡ. ಆ ಮಚ್ಚೆ ಮೂರರಲ್ಲೂ ಒಂದೇ ಆಕಾರದಲ್ಲಿ ಇರುವುದಿಲ್ಲ, ಮಕ್ಕಳು ಅದನ್ನು ಮೊದಲ ನೋಟಕ್ಕೇ ಹಿಡಿಯುತ್ತಾರೆ.

ವಯಸ್ಸು ಒಂದೂವರೆ ವರ್ಷದಿಂದ ನಾಲ್ಕರೊಳಗೆ ಇರಲಿ. ಪರೀಕ್ಷೆ ಸರಳ: ಹತ್ತು ಅಡಿ ದೂರದಲ್ಲಿ ಒಂದು ಸ್ಟೀಲ್ ತಟ್ಟೆ ಬೀಳಿಸಬೇಕು. ಬೆಚ್ಚಿದರೆ ತಪ್ಪೇನಿಲ್ಲ, ಅರ್ಧ ನಿಮಿಷದೊಳಗೆ ಬಂದು ತಟ್ಟೆಯನ್ನು ಮೂಸಿದರೆ ಅದು ಸೆಟ್ಟಿಗೆ ಆಗುವ ನಾಯಿ. ಕೊಟ್ಟಿಗೆಯ ಮೂಲೆಗೆ ಹೋಗಿ ಹೊರಗೆ ಬಾರದ ನಾಯಿ ಮನೆಗೆ ಒಳ್ಳೆಯದು, ಸಿನಿಮಾಕ್ಕಲ್ಲ.

ಇನ್ನು ಕಾಗದಪತ್ರ. ಇದನ್ನು ತರಬೇತಿಗಿಂತ ಮೊದಲೇ ಶುರುಮಾಡಬೇಕು. ಸಿನಿಮಾದಲ್ಲಿ ಪ್ರಾಣಿ ಕಾಣಿಸಿಕೊಂಡರೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಬಂದ 2001ರ ಪ್ರದರ್ಶನ ಪ್ರಾಣಿಗಳ ನೋಂದಣಿ ನಿಯಮಗಳು ಅನ್ವಯಿಸುತ್ತವೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಕಚೇರಿ ಮೊದಲು ಚೆನ್ನೈಯಲ್ಲಿತ್ತು, ಈಗ ಹರಿಯಾಣದ ಬಲ್ಲಭಗಢದಲ್ಲಿದೆ. ಚಿತ್ರೀಕರಣಕ್ಕೆ ಮೊದಲು ಅಲ್ಲಿಂದ ಅನುಮತಿ, ಮುಗಿದ ಮೇಲೆ ನಿರಾಕ್ಷೇಪಣಾ ಪತ್ರ, ಎರಡೂ ಬೇಕು. ಎರಡನೆಯದು ಇಲ್ಲದೆ ಸೆನ್ಸಾರ್ ಮಂಡಳಿಯ ಮುಂದೆ ಸಿನಿಮಾ ನಿಲ್ಲುವುದಿಲ್ಲ. ಅರ್ಜಿಯಲ್ಲಿ "ನಾಯಿ ಹುಡುಗಿಯನ್ನು ಕಾಪಾಡುತ್ತದೆ" ಎಂದು ಬರೆದರೆ ವಿವರಣೆ ಕೇಳಿ ವಾಪಸ್ ಬರುತ್ತದೆ. "ಎರಡು ಅಡಿ ಅಗಲದ ಸಂಕದ ಮೇಲೆ, ಒಂದೂವರೆ ಅಡಿ ಎತ್ತರದಲ್ಲಿ, ನಾಯಿ ಆರು ಹೆಜ್ಜೆ ನಡೆದು ಕೂರುತ್ತದೆ" ಎಂದೇ ಬರೆಯಬೇಕು. ಚಿತ್ರಕಥೆಯನ್ನು ಮೊದಲೇ ಕ್ರಿಯೆಗಳಾಗಿ ಒಡೆದಿಟ್ಟಿದ್ದರ ಲಾಭ ಇಲ್ಲಿ ಸಿಗುತ್ತದೆ. ಜೊತೆಗೆ ಮಾಲೀಕರ ಪತ್ರ, ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ, ಲಸಿಕೆಯ ದಾಖಲೆ ಇರಬೇಕು.

ನಿಯಮಗಳು ಹೇಳುವುದರಲ್ಲಿ ಕೆಲವನ್ನು ಇಡೀ ಯೂನಿಟ್ ಬಾಯಿಪಾಠ ಮಾಡಿಕೊಂಡಿರಬೇಕು. ನಾಯಿಯ ಸಹಜ ಸ್ವಭಾವಕ್ಕೆ ಒಪ್ಪುವುದನ್ನಷ್ಟೇ ಮಾಡಿಸಬೇಕು. ಹತ್ತಿರ ಬೆಂಕಿ ಕೂಡದು, ಬೇಕೆಂದೇ ಜೋರು ಸದ್ದು ಕೂಡದು. ಅಮಲು ಬರಿಸುವ ಔಷಧಿ ಕೊಡಬಾರದು. ವಿಶ್ರಾಂತಿ ಇಲ್ಲದೆ ಟೇಕ್ ಮೇಲೆ ಟೇಕ್ ತೆಗೆಯಬಾರದು. ಮಲೆನಾಡಿನ ಕಥೆ ಎಂದ ಕೂಡಲೇ ತೋಟಕ್ಕೆ ನುಗ್ಗುವ ಮಂಗ ನೆನಪಾಗುತ್ತದೆ. ಮಂಗವನ್ನು ಪಳಗಿಸಿ ಅಭಿನಯ ಮಾಡಿಸುವುದಕ್ಕೆ ನಿಷೇಧವಿದೆ. ಅದು ಬೇಕೇ ಬೇಕಾದರೆ ಗ್ರಾಫಿಕ್ಸ್‌ನಲ್ಲಿ ಮಾಡಿ, ಹಾಗೆಂದು ಮಂಡಳಿಗೂ ತಿಳಿಸಬೇಕು.

ಮಗುವಿಗೆ ಬೇರೆ ಅನುಮತಿ. ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿಯಿಂದಲೇ ಅದು ಬರಬೇಕು. ಶಿವಮೊಗ್ಗ ಜಿಲ್ಲೆಯಲ್ಲಿ ಮನೆ, ಆಗುಂಬೆ ಘಾಟಿ ಇಳಿದ ಮೇಲೆ ಉಡುಪಿ ಜಿಲ್ಲೆಯಲ್ಲಿ ಒಂದು ದೃಶ್ಯ ಎಂದಾದರೆ ಎರಡು ಕಡೆ ಅರ್ಜಿ. ಬಾಲಕಾರ್ಮಿಕ ನಿಯಮಗಳ 2017ರ ತಿದ್ದುಪಡಿಯ ಪ್ರಕಾರ ಮಗು ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ 3 ಗಂಟೆಗಿಂತ ಹೆಚ್ಚು, ಸತತವಾಗಿ 27 ದಿನಕ್ಕಿಂತ ಹೆಚ್ಚು ಕೆಲಸ ಮಾಡುವ ಹಾಗಿಲ್ಲ. ಸಂಭಾವನೆಯಲ್ಲಿ ಕನಿಷ್ಠ 20 ಶೇಕಡ ಮಗುವಿನ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ಮಗುವಿನ ಐದು ಗಂಟೆ, ನಾಯಿ ಉಲ್ಲಾಸದಿಂದಿರುವ ಬೆಳಗು ಮತ್ತು ಸಂಜೆ, ಮಳೆ ಬಿಡುವು ಕೊಡುವ ಹೊತ್ತು, ಈ ಮೂರೂ ಕೂಡುವ ಸಮಯ ದಿನಕ್ಕೆ ಎರಡೂವರೆ ಗಂಟೆ ಸಿಕ್ಕರೆ ಪುಣ್ಯ. ವೇಳಾಪಟ್ಟಿ ಹಾಕಬೇಕಾದದ್ದು ಆ ಎರಡೂವರೆ ಗಂಟೆಯ ಸುತ್ತ. ಹುಡುಗಿಯೊಬ್ಬಳೇ ಇರುವ, ಅಥವಾ ನಾಯಿಯೊಂದೇ ಇರುವ ಶಾಟ್‌ಗಳನ್ನು ಉಳಿದ ಹೊತ್ತಿಗೆ ತಳ್ಳಬೇಕು.

ಜಾಗದ ಬಗ್ಗೆ ಒಂದು ಮಾತು. ಅಡಿಕೆ ತೋಟದ ಮಗ್ಗುಲಲ್ಲಿರುವ ಸೊಪ್ಪಿನ ಬೆಟ್ಟ ನೋಡಲು ಮನೆಯವರದೇ ಎನಿಸುತ್ತದೆ. ಅವರಿಗಿರುವುದು ಸೊಪ್ಪು, ದರಗು (ಒಣಗಿದ ಎಲೆ) ತರುವ ಹಕ್ಕು, ಭೂಮಿ ಸರ್ಕಾರದ್ದು. ಅಲ್ಲಿ ಕ್ಯಾಮೆರಾ ಇಡುವ ಮೊದಲು ಅರಣ್ಯ ಇಲಾಖೆಯನ್ನು ಕೇಳಬೇಕು. ಶೆಟ್ಟಿಹಳ್ಳಿ, ಶರಾವತಿ ಕಣಿವೆಯಂಥ ಅಭಯಾರಣ್ಯಗಳಿಗೆ ಅನುಮತಿ ಸಿಗುವ ಸಾಧ್ಯತೆ ಇದ್ದರೂ ನಾಯಿಯನ್ನು ಕರೆದೊಯ್ಯುವ ಯೋಚನೆಯೇ ಬೇಡ. ಸಾಕುನಾಯಿಯ ಡಿಸ್ಟೆಂಪರ್ ಎಂಬ ಸೋಂಕುರೋಗ ಕಾಡಿನ ಸೀಳುನಾಯಿಗೂ ಹರಡುತ್ತದೆ.

ತರಬೇತಿಗೆ ಬಂದರೆ, ಸೆಟ್ಟಿನ ಗದ್ದಲಕ್ಕಿಂತ ನಾಯಿಯನ್ನು ಹೆಚ್ಚು ಗೊಂದಲಗೊಳಿಸುವುದು ಮಾತು. ಹುಡುಗಿಯ ಸಂಭಾಷಣೆಯಲ್ಲಿ "ಬಾ", "ಕೂರು", "ಹೋಗು" ಹೇಗೂ ಬರುತ್ತವೆ. ತರಬೇತಿಯ ಆಜ್ಞೆಯೂ ಅವೇ ಆದರೆ ನಾಯಿ ಸಂಭಾಷಣೆಗೆ ಎದ್ದು ಹೊರಡುತ್ತದೆ. ಆದ್ದರಿಂದ ಆಜ್ಞೆಗಳೆಲ್ಲ ಕೈಸನ್ನೆಯಲ್ಲಿರಬೇಕು. ಅಂಗೈ ತೋರಿಸಿದರೆ ನಿಲ್ಲು, ಎರಡು ಬೆರಳು ಕೆಳಗೆ ಮಾಡಿದರೆ ಮಲಗು, ಮುಷ್ಟಿ ಬಿಚ್ಚಿದರೆ ಬೊಗಳು. ಮಾಡಿದ್ದು ಸರಿ ಎಂದು ತಿಳಿಸಲು ಒಂದೇ ಒಂದು ಪದ, "ಸೈ". ಅದರ ಬೆನ್ನಿಗೇ ತಿನಿಸು. ಮೂರು ನಾಯಿಗೂ ತಮ್ಮ ತಮ್ಮ ಮನೆಯ ಹೆಸರು ಇರುತ್ತದೆ. ಅದರ ಜೊತೆ ಸಿನಿಮಾದ ಹೆಸರನ್ನೂ ಕಲಿಸಬೇಕು. ಆ ಹೆಸರನ್ನು ಹುಡುಗಿಯೇ ಕರೆಯಬೇಕು, ತಿನಿಸನ್ನೂ ಅವಳೇ ಕೊಡಬೇಕು.

ಪಾಠ ಒಂದು ಸಲಕ್ಕೆ 5 ನಿಮಿಷ, ದಿನಕ್ಕೆ ನಾಲ್ಕೈದು ಸಲ. ಒಂದೇ ಜಾಗದಲ್ಲಿ ನಿಲ್ಲುವುದನ್ನು ಕಲಿಸುವಾಗ ಅವಧಿ, ದೂರ, ಸುತ್ತಲಿನ ಗದ್ದಲ ಮೂರನ್ನೂ ಒಟ್ಟಿಗೆ ಹೆಚ್ಚಿಸಬಾರದು. ಮುವ್ವತ್ತು ಸೆಕೆಂಡು ನಿಲ್ಲಲು ಬಂದ ಮೇಲೆ ಟ್ರೈನರ್ ಹತ್ತು ಅಡಿ ಹಿಂದೆ ಸರಿದರೆ, ಆವತ್ತು ಕೇಳಬೇಕಾದದ್ದು ಮತ್ತೆ ಐದೇ ಸೆಕೆಂಡು. ಬಹಳ ನಾಯಿಗಳು ಶೂಟಿಂಗಿನಲ್ಲಿ "ಕೇಳುವುದಿಲ್ಲ" ಎನಿಸಿಕೊಳ್ಳುವುದು ಈ ಲೆಕ್ಕ ತಪ್ಪುವುದರಿಂದ. ಗುರುತಿನ ಜಾಗಕ್ಕೆ ಹೋಗುವುದನ್ನು ಗೋಣಿ ತಾಟಿನ ಮೇಲೆ ಶುರುಮಾಡಬೇಕು. ಮೊದಲು ಎರಡು ಅಡಿ ಉದ್ದದ್ದು, ಆಮೇಲೆ ಅದರ ಅರ್ಧ, ಕೊನೆಗೆ ಅಂಗೈಯಷ್ಟು ಚೂರು. ಆ ಚೂರನ್ನು ಸಂಕದ ಹಲಗೆಯ ಮೇಲೆ ಕೆಸರು ಬಳಿದು ಅಂಟಿಸಿದರೆ ಕ್ಯಾಮೆರಾಕ್ಕೆ ಕಾಣುವುದಿಲ್ಲ, ನಾಯಿಯ ಪಾದಕ್ಕೆ ತಿಳಿಯುತ್ತದೆ.

ತಿನಿಸು ಬೇಯಿಸಿದ ಕೋಳಿ, ಕಡಲೆಕಾಳಿನಷ್ಟು ಚೂರು. ದಿನದ ಆಹಾರದಲ್ಲಿ ಹತ್ತನೇ ಒಂದು ಭಾಗ ಮೀರಬಾರದು, ಇಲ್ಲವಾದರೆ ಹೊಟ್ಟೆ ತುಂಬಿದ ನಾಯಿ ಮಧ್ಯಾಹ್ನಕ್ಕೇ ಮಲಗುತ್ತದೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಚಿತ್ರೀಕರಣಕ್ಕೆ ಜಾಗ ಕೊಡುವವರು ಬಹಳ ಸಲ ಸಸ್ಯಾಹಾರಿಗಳು. "ತಮ್ಮಾ, ಹೊರಗೆ ಎಂತ ಬೇಕಾದ್ರೂ ಕೊಡಿ, ಜಗಲಿ ಒಳಗೆ ಮಾತ್ರ ಬೇಡ" ಎಂದು ಮನೆಯ ಅಮ್ಮ ಹೇಳಿದರೆ ಅದನ್ನು ನಡೆಸಿಕೊಡಲೇಬೇಕು. ಮೊದಲೇ ಪನೀರಿಗೂ ನಾಯಿಯನ್ನು ರೂಢಿ ಮಾಡಿಸಿದ್ದರೆ ಒಳಾಂಗಣದ ದೃಶ್ಯಗಳು ಸುಸೂತ್ರ. ಚಾಕೊಲೇಟ್, ದ್ರಾಕ್ಷಿ, ಈರುಳ್ಳಿ, ಬೆಂದ ಮೂಳೆ ಯಾರೂ ಕೊಡಬಾರದು ಎಂದು ಊಟದ ವಿಭಾಗಕ್ಕೆ ಬರೆದುಕೊಡಬೇಕು.

ಲಂಗ ಕಚ್ಚಿ ಎಳೆಯುವ ದೃಶ್ಯಕ್ಕೆ ಒಂದು ಉಪಾಯವಿದೆ. ನಾಯಿ ಹಗ್ಗಜಗ್ಗಾಟ ಆಡುವ ಹಳೆ ಬಟ್ಟೆಯ ಪಟ್ಟಿಯನ್ನೇ ಲಂಗದ ಬಣ್ಣಕ್ಕೆ ಅದ್ದಿ, ಅಂಚಿಗೆ ವೆಲ್ಕ್ರೋದಲ್ಲಿ ಹಚ್ಚುವುದು. ಜೋರಾಗಿ ಎಳೆದರೆ ಪಟ್ಟಿ ಕಿತ್ತು ಬರುತ್ತದೆ, ಹುಡುಗಿ ಬೀಳುವುದಿಲ್ಲ. ಆದರೆ ಎಳೆಯುವುದಕ್ಕಿಂತ ಮೊದಲು ಬಿಡುವುದನ್ನು ಕಲಿಸಿರಬೇಕು. ಬಿಡಲು ಬಾರದ ನಾಯಿಗೆ ಮಗುವಿನ ಹತ್ತಿರ ಈ ಆಟ ಬೇಡವೇ ಬೇಡ.

ಮಗು ಮತ್ತು ನಾಯಿಯ ಸ್ನೇಹಕ್ಕೆ ಅಡ್ಡದಾರಿ ಇಲ್ಲ. ಚಿತ್ರೀಕರಣಕ್ಕೆ ಕೆಲವು ವಾರ ಮೊದಲೇ ದಿನಾ ಊಟ ಹಾಕುವುದು, ಮೈ ಬಾಚುವುದು, ತೋಟಕ್ಕೆ ತಿರುಗಾಡಿಸುವುದು ಮಗುವಿನ ಕೈಯಿಂದ ಆಗಬೇಕು. ಮಕ್ಕಳಿಗೆ ಪ್ರೀತಿ ಬಂದರೆ ಕುತ್ತಿಗೆ ತಬ್ಬುತ್ತಾರೆ. ನಾಯಿಗೆ ಅದು ಹಿಡಿದಿಟ್ಟ ಹಾಗೆ. ಪಕ್ಕದಿಂದ ಎದೆ ಸವರುವುದನ್ನು ಹೇಳಿಕೊಡಬೇಕು. ನಾಯಿ ತುಟಿ ನೆಕ್ಕುತ್ತಿದ್ದರೆ, ನಿದ್ದೆಯಿಲ್ಲದೆ ಆಕಳಿಸಿದರೆ, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರಿದರೆ ಅದಕ್ಕೆ ಸಾಕಾಗಿದೆ ಎಂದರ್ಥ. ಇದನ್ನು ಹುಡುಗಿಗೂ ಕಲಿಸಿ, "ಸಾಕು" ಎಂದು ಶಾಟ್ ನಿಲ್ಲಿಸುವ ಅಧಿಕಾರವನ್ನು ಅವಳಿಗೂ ಕೊಡಬೇಕು. ದೊಡ್ಡವರಿಗಿಂತ ಮೊದಲು ಅವಳಿಗೇ ಅದು ಕಾಣುತ್ತದೆ.

ಯಾವ ತಿಂಗಳು? ಜೂನ್‌ನಿಂದ ಆಗಸ್ಟ್‌ವರೆಗೆ ಹಳ್ಳ ತುಂಬಿ ಹರಿಯುತ್ತದೆ, ಆದರೆ ಇಂಬಳ (ಜಿಗಣೆ), ಜಾರಿಕೆ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ, ಮೈಲುತುತ್ತು ಬೆರೆತ ಬೋರ್ಡೋ ದ್ರಾವಣ. ಮೈಲುತುತ್ತು ಬಿದ್ದ ನೆಲದಲ್ಲಿ ನಡೆದು ಪಾದ ನೆಕ್ಕಿದರೆ ನಾಯಿಗೆ ವಾಂತಿ, ಭೇದಿ ಶುರುವಾಗುತ್ತದೆ. ಬಸವನಹುಳಕ್ಕೆ ಇಡುವ ಮೆಟಾಲ್ಡಿಹೈಡ್ ಗುಳಿಗೆಯಂತೂ ನಾಯಿಗೆ ಪ್ರಾಣಾಂತಿಕ. ತೋಟದವರನ್ನು "ಯಾವತ್ತು ಹೊಡೆದಿರಿ, ಎಲ್ಲಿ ಹಾಕಿದಿರಿ" ಎಂದು ಕೇಳದೆ ನಾಯಿಯನ್ನು ಒಳಗೆ ಬಿಡಬಾರದು. ಮಳೆ ನಿಂತು ಬೇಸಿಗೆಯಾದರೆ ಉಣುಗಿನ ಕಾಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಾಣಿಸಿಕೊಂಡದ್ದು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಉಣುಗು. ಡಿಸೆಂಬರ್‌ನಿಂದ ಮೇವರೆಗೆ ಕಾಡಂಚಿನಲ್ಲಿ ಮಗುವನ್ನು ನೆಲದ ಮೇಲೆ ಕೂರಿಸಿ ದೃಶ್ಯ ತೆಗೆಯುವುದನ್ನು ನಾವು ಒಪ್ಪುವುದಿಲ್ಲ. ಉಳಿಯುವುದು ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ. ಹಸಿರಿರುತ್ತದೆ, ಹಳ್ಳದಲ್ಲಿ ಮೊಣಕಾಲು ನೀರಿರುತ್ತದೆ, ಬೆಳಕೂ ಸಿಗುತ್ತದೆ. ನಡುವೆ ದೀಪಾವಳಿ ಬರುತ್ತದೆ. ಪಟಾಕಿಯ ಆ ದಿನಗಳಿಗೆ ನಾಯಿಯ ಕೆಲಸ ಇಟ್ಟುಕೊಳ್ಳಬಾರದು. ಮಂಗ ಓಡಿಸಲು ಅಕ್ಕಪಕ್ಕದ ತೋಟದವರು ಈಡು ಸಿಡಿಸುತ್ತಾರೆ, ಅವರಿಗೂ ಮೊದಲೇ ಹೇಳಿಟ್ಟಿರಬೇಕು. ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವುದು, ಶುರುವಾದರೆ ಅಂಗಳದ ತುಂಬ ಅಡಿಕೆ. ಅದರಲ್ಲಿರುವ ಅರೆಕೋಲಿನ್ ನಾಯಿಗೆ ಜೊಲ್ಲು, ವಾಂತಿ ತರಿಸುತ್ತದೆ. ಬಾಯಿಗೆ ಹಾಕದಂತೆ ನೋಡಿಕೊಳ್ಳಲು ಒಬ್ಬರು ಬೇಕು.

ಲಸಿಕೆಯಲ್ಲಿ ರೇಬೀಸ್, ಡಿಸ್ಟೆಂಪರ್, ಪಾರ್ವೊ ಯಾರೂ ಮರೆಯುವುದಿಲ್ಲ. ಮರೆಯುವುದು ಇಲಿಜ್ವರದ್ದು. ಗದ್ದೆ, ಕೊಟ್ಟಿಗೆ, ನಿಂತ ನೀರು ಇರುವ ಕಡೆ ಅದು ಬೇಕೇ ಬೇಕು. ಮೊದಲ ಸಲವಾದರೆ ಕೆಲವು ವಾರದ ಅಂತರದಲ್ಲಿ ಎರಡು ಡೋಸ್, ಹಾಗಾಗಿ ಬೇಗ ಶುರುಮಾಡಬೇಕು. ಉಣುಗಿಗೆ ಪಶುವೈದ್ಯರು ಕೊಡುವ ಮಾತ್ರೆ ಒಳ್ಳೆಯದೇ, ಆದರೆ ಉಣುಗು ಸಾಯುವುದು ಕಚ್ಚಿದ ಮೇಲೆ. ಅಷ್ಟರೊಳಗೆ ನಾಯಿಯ ಮೈಯಿಂದ ಮಗುವಿನ ಮೈಗೆ ಹತ್ತಬಹುದು. ಪ್ರತಿ ದೃಶ್ಯದ ನಂತರ ಹಣಿಗೆಯಿಂದ ಬಾಚಿ, ಕಿವಿಯ ಒಳಗೆ, ಬೆರಳ ಸಂದಿ, ತೊಡೆಯ ಸಂದು ನೋಡಬೇಕು. ಇಂಬಳಕ್ಕೆ ಉಪ್ಪಿನ ಗಂಟು ಸಾಕು; ಮೂಗು, ಕಣ್ಣಿನ ಹತ್ತಿರ ಮಾತ್ರ ಉಪ್ಪು ಬೇಡ. ಉಣುಗು ಹತ್ತದಿರಲೆಂದು ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಮನುಷ್ಯರಿಗೆ, ಅದನ್ನು ನಾಯಿಗೆ ಹಚ್ಚಬಾರದು. ರಾತ್ರಿ ನಾಯಿಗಳನ್ನು ಅಂಗಳದಲ್ಲಿ ಕಟ್ಟುವುದೂ ಬೇಡ, ಚಿರತೆ ಬರುವ ಊರುಗಳಿವು. ಬಾಗಿಲು ಭದ್ರವಿರುವ ಕೋಣೆಯೊಳಗೆ ಮಲಗಿಸಬೇಕು.

ಇನ್ನು ಆ ಸಂಕದ ದೃಶ್ಯ. ಉಕ್ಕುವ ಹಳ್ಳದ ಹತ್ತಿರ ಮಗುವೂ ಇಲ್ಲ, ನಾಯಿಯೂ ಇಲ್ಲ. ಹಳ್ಳವನ್ನು ಜುಲೈಯಲ್ಲೇ ಸಣ್ಣ ತಂಡ ಬಂದು ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಅಲುಗದಂತೆ ಇಟ್ಟು ತೆಗೆದುಕೊಂಡು ಹೋಗಬೇಕು. ಸ್ಟ್ಯಾಂಡಿನ ಮೂರೂ ಕಾಲು ನಿಂತ ಜಾಗಕ್ಕೆ ಕಬ್ಬಿಣದ ಗೂಟ ಹೊಡೆದು, ಲೆನ್ಸ್ ಯಾವುದು, ನೆಲದಿಂದ ಎತ್ತರ ಎಷ್ಟು, ಎಷ್ಟು ಡಿಗ್ರಿ ಬಗ್ಗಿದೆ ಎಂದು ಬರೆದಿಡಬೇಕು. ಅಕ್ಟೋಬರ್‌ನಲ್ಲಿ ಅದೇ ಗೂಟದ ಮೇಲೆ ಕ್ಯಾಮೆರಾ ಇಟ್ಟು ನಾಯಿ ಮತ್ತು ಹುಡುಗಿಯನ್ನು ತೆಗೆದರೆ ಎರಡನ್ನೂ ಕೂಡಿಸಬಹುದು. ಅಡಿಕೆ ಮರದ ಸಂಕ ಒದ್ದೆಯಾದರೆ ನಾಯಿಯ ಉಗುರು ಜಾರುತ್ತದೆ, ಒಮ್ಮೆ ಜಾರಿದ ನಾಯಿ ಮತ್ತೆ ಹತ್ತುವುದಿಲ್ಲ. ಮೇಲೆ ತೆಂಗಿನ ನಾರಿನ ಚಾಪೆ ಹಾಸಿ, ಮೊಳೆಯ ತಲೆ ಮೇಲೆ ಬಾರದಂತೆ ಬಿಗಿದು, ಕೆಸರು ಬಳಿಯಬೇಕು. ಕೆಳದಂಡೆಯಲ್ಲಿ ಇಬ್ಬರು ನೀರಿನಲ್ಲೇ ನಿಂತಿರಬೇಕು.

ಕ್ಯಾಮೆರಾ ನೆಲದಿಂದ ಒಂದೂಮುಕ್ಕಾಲು ಅಡಿ, ಅಂದರೆ ನಾಯಿಯ ಕಣ್ಣಿನ ಮಟ್ಟ. ಮೇಲಿನಿಂದ ಬಗ್ಗಿ ತೆಗೆದರೆ ಅದು ಸಾಕುಪ್ರಾಣಿ; ಕಣ್ಣಿನ ಮಟ್ಟದಿಂದ ತೆಗೆದರೆ ಅದೊಂದು ಪಾತ್ರ. ಒಣಗಿದ ಮೈಯ ಶಾಟ್‌ಗಳೆಲ್ಲ ಮೊದಲು, ಒದ್ದೆಯ ಶಾಟ್‌ಗಳು ಕೊನೆಗೆ. ಮಲೆನಾಡಿನ ತೇವದಲ್ಲಿ ನಾಯಿಯ ಮೈ ಪೂರ್ತಿ ಒಣಗಲು ಬಹಳ ಹೊತ್ತು ಬೇಕು. ಮಳೆ ಬರಿಸುವ ಟ್ಯಾಂಕರಿನ ನೀರು ಕೊರೆಯುತ್ತಿದ್ದರೆ ಬಚ್ಚಲ ಹಂಡೆಯ ಬಿಸಿನೀರು ಬೆರೆಸಿ ಮೊದಲು ಕೈಗೆ ಹಾಕಿಕೊಂಡು ನೋಡಬೇಕು. ಕಟ್ ಹೇಳಿದ ಕೂಡಲೇ ಟವೆಲ್, ಮೊದಲು ಕಿವಿ ಒರೆಸುವುದು.

ಕಿವಿ ನಿಮಿರುವ ಕ್ಲೋಸಪ್‌ಗೆ ತಾಲೀಮು ಮಾಡಬಾರದು. ಹೊಸ ಸದ್ದಿಗೆ ನಾಯಿ ಕಿವಿ ಎತ್ತುವುದು ಎರಡೋ ಮೂರೋ ಸಲ, ಆಮೇಲೆ ಅದಕ್ಕೆ ಅದು ಹಳತು. ಡಬ್ಬಿಯಲ್ಲಿ ಒಣಗಿದ ಅಡಿಕೆ ಅಲುಗಿಸುವುದು, ರಬ್ಬರ್ ಪೀಪಿ, ಕಾಗದ ಹರಿಯುವುದು, ಹೀಗೆ ಕೆಲವು ಸದ್ದುಗಳನ್ನು ಯಾರೂ ಬಳಸದಂತೆ ಎತ್ತಿಟ್ಟು, ಫೋಕಸನ್ನು ಗೊಂಬೆ ನಾಯಿಯ ಮೇಲೆ ಹೊಂದಿಸಿಕೊಂಡು, ಕ್ಯಾಮೆರಾ ಓಡುತ್ತಿರುವಾಗ ಮೊದಲ ಸಲ ಮಾಡಬೇಕು. ಸದ್ದು ಮಾಡುವವರು ನಿಲ್ಲಬೇಕಾದದ್ದು ಕಥೆಯಲ್ಲಿ ನೀರು ಬರುವ ದಿಕ್ಕಿನಲ್ಲಿ, ಲೆನ್ಸಿನ ಪಕ್ಕದಲ್ಲಲ್ಲ. ಕ್ಲ್ಯಾಪ್ ಹೊಡೆಯುವುದು ಶಾಟ್ ಮುಗಿದ ಮೇಲೆ, ಬೋರ್ಡನ್ನು ತಲೆಕೆಳಗಾಗಿ ಹಿಡಿದು. ಐದಾರು ಟೇಕಿಗೆ ಬಾರದಿದ್ದರೆ ನಾಯಿಯನ್ನು ಬದಲಿಸಬೇಕು, ಇಲ್ಲವೇ ಶಾಟನ್ನೇ.

ಸೆಟ್ಟಿನಲ್ಲಿ ಟ್ರೈನರ್ ದನಿ, ಜನರೇಟರ್, ತಗಡಿನ ಮೇಲಿನ ಮಳೆ ಇರುವುದರಿಂದ ನಾಯಿಯ ಸದ್ದುಗಳನ್ನೆಲ್ಲ ಬೇರೆಯೇ ಧ್ವನಿಮುದ್ರಿಸಬೇಕು. ಏದುಸಿರು, ನೀರು ನೆಕ್ಕುವುದು, ಕೆಂಪು ಸಿಮೆಂಟಿನ ನೆಲದ ಮೇಲೆ ಉಗುರಿನ ಟಕಟಕ, ಒದ್ದೆ ಮೈ ಒದರುವುದು. ಬೊಗಳುವುದು ಮಾತ್ರ ಒಂದೇ ನಾಯಿಯದ್ದಿರಲಿ. ಮುಖ ಮೂರಾದರೂ ದನಿ ಒಂದಾದರೆ ಪ್ರೇಕ್ಷಕರಿಗೆ ಅದು ಒಂದೇ ನಾಯಿ.

ಮತ್ತೆ ಆ ಮೊದಲ ಸಾಲಿಗೆ ಬರೋಣ. ನೀರು ಏರುವುದನ್ನು ತೋರಿಸಿ ಆಮೇಲೆ ನಾಯಿಯನ್ನು ತೋರಿಸಿದರೆ, ಕಂಡದ್ದನ್ನು ನೋಡುತ್ತಿರುವ ಯಾವುದೋ ನಾಯಿ ಅದು. ನಾಯಿ ತಟಕ್ಕನೆ ನಿಂತು, ಕಿವಿ ಎತ್ತಿ, ಹಳ್ಳದ ಮೇಲ್ಗಡೆ ನೋಡುತ್ತದೆ. ಅಲ್ಲಿ ಏನೂ ಇಲ್ಲ, ಮೊಣಕಾಲು ನೀರು ತಣ್ಣಗೆ ಹರಿಯುತ್ತಿದೆ. ಹುಡುಗಿ "ಬಾರೋ, ಹೊತ್ತಾಯ್ತು" ಎನ್ನುತ್ತಾಳೆ. ನಾಯಿ ಸಂಕದ ಮೇಲೆ ಹೋಗಿ ಅಡ್ಡ ಕೂರುತ್ತದೆ. ನೀರು ಬರುವುದು ಇದೆಲ್ಲ ಆದ ಮೇಲೆ. ಖಾಲಿ ಹಳ್ಳದ ಆ ಶಾಟನ್ನು ಮೂರು ಸೆಕೆಂಡು ಹಿಡಿದರೆ ನಾಯಿಗೆ ಏನೋ ತಿಳಿದಿದೆ ಎನಿಸುತ್ತದೆ, ಒಂದೇ ಸೆಕೆಂಡಿಗೆ ಕತ್ತರಿಸಿದರೆ ಅನಿಸುವುದಿಲ್ಲ. ಸಿನಿಮಾದ ಅಸಾಮಾನ್ಯ ನಾಯಿ ಹುಟ್ಟುವುದು ಈ ಎರಡು ಸೆಕೆಂಡಿನಲ್ಲಿ. ಹಾಗಾಗಿ ಸಂಕಲನಕಾರರಿಗೆ ಪ್ರತಿ ನೋಟದ ಶಾಟ್‌ನಲ್ಲೂ ಹಿಂದೆ ಮುಂದೆ ನಾಲ್ಕೈದು ಸೆಕೆಂಡು ಹೆಚ್ಚಿಗೆ ಬಿಟ್ಟು ಕೊಡಬೇಕು. ನಾಯಿ ನೋಡಿ ಮುಗಿಸಿತೆಂದು ಬೇಗ ಕಟ್ ಹೇಳುವ ನಿರ್ದೇಶಕರಿಗೆ ಆಮೇಲೆ ಅದು ಎಲ್ಲೂ ಸಿಗುವುದಿಲ್ಲ.

ಸಂಕಲನ ಮುಗಿದ ಮೇಲೆ ಪ್ರಾಣಿ ಇರುವ ದೃಶ್ಯಗಳನ್ನೆಲ್ಲ ಒಟ್ಟುಮಾಡಿ, ಚಿತ್ರೀಕರಣದ ಹೊತ್ತು ಸ್ಥಳದಲ್ಲಿದ್ದ ಪಶುವೈದ್ಯರ ಪ್ರಮಾಣಪತ್ರದ ಜೊತೆ ಕಲ್ಯಾಣ ಮಂಡಳಿಗೆ ಕಳಿಸಬೇಕು. ಮೊದಲ ಅರ್ಜಿಯಲ್ಲಿ ಬರೆದಿಲ್ಲದ ಒಂದು ನೆಗೆತ ಸಿನಿಮಾದಲ್ಲಿದ್ದರೂ ಪ್ರಶ್ನೆ ಬರುತ್ತದೆ. ಗ್ರಾಫಿಕ್ಸ್‌ನಲ್ಲಿ ಕೂಡಿಸಿದ ಹಳ್ಳದ ಶಾಟ್‌ಗೆ ಮೂಲದ ಎರಡೂ ತುಣುಕುಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರೆ ಅನುಮಾನ ಉಳಿಯುವುದಿಲ್ಲ. ಆ ಪತ್ರ ಕೈಗೆ ಬಂದ ಮೇಲೆ ಬೆಂಗಳೂರಿನ ಸೆನ್ಸಾರ್ ಕಚೇರಿ.